ಮರಳಿನೊಳಗೆ ಉಳಿದ ಗಾಳಿ

ನಾನಾಗ ಹೊನ್ನಾವರದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿದ್ದೆ. ಅಘನಾಶಿನಿಯ ಹೊಳೆದಂಡೆಯಲ್ಲಿ ಎರಡು ಮಹಡಿಯ ಶಾಲೆ ಕಟ್ಟುವವರು ಅಲ್ಲಿಯ ಮರಳನ್ನು ನಮಗೆ ಕಳಿಸಿದ್ದರು. ನೀರು ತುಂಬಿದ ಸಡಿಲ ಮರಳು ಭೂಮಿ ಅಲುಗಿದಾಗ ಕೆಲವೊಮ್ಮೆ ಗಂಜಿಯ ಹಾಗಾಗಿ, ಮೇಲಿನ ಕಟ್ಟಡವನ್ನೇ ಕೆಡವುತ್ತದೆ. ಈ ಮರಳು ಹಾಗಾಗುತ್ತದೋ ಇಲ್ಲವೋ ಎಂದು ನಾವು ಹೇಳಬೇಕಿತ್ತು. ನನ್ನ ಅಕ್ಕನನ್ನು ಕೊಟ್ಟದ್ದು ಆ ಶಾಲೆಯ ಊರಿಗೇ. ಅವಳ ಮಗಳು ಆ ಶಾಲೆಗೇ ಹೋಗುವವಳು.

ಮರಳನ್ನು ತೆಳು ರಬ್ಬರಿನ ಚೀಲದಲ್ಲಿ ಕಂಬದ ಹಾಗೆ ನಿಲ್ಲಿಸಿ, ನೀರು ತುಂಬಿಸಿ, ಯಂತ್ರದಲ್ಲಿಟ್ಟು ಅಲುಗಿಸಿದೆವು. ಮೊದಲ ಕಂಬ ಗಟ್ಟಿಯಾಗಿ ನಿಂತಿತು. ಅಕ್ಕನಿಗೆ ಹೇಳೋಣವೆಂದು ಫೋನ್ ಕೈಗೆತ್ತಿಕೊಂಡೆ.

"ತಡೀರಿ, ಇನ್ನೊಂದು ಮಾಡುವ," ಎಂದರು ನಮ್ಮ ಹಿರಿಯ ಇಂಜಿನಿಯರ್. ಭಟ್ಕಳದವರು, ಅವಸರವೇ ಗೊತ್ತಿಲ್ಲದ ಮನುಷ್ಯ.

ಅದೇ ಮರಳು, ಅದೇ ಅಳತೆ. ಈ ಸಲ ಯಂತ್ರ ಶುರುವಾದ ಸ್ವಲ್ಪ ಹೊತ್ತಿಗೇ ಕಂಬ ನಡುವೆ ಉಬ್ಬಿ, ಸದ್ದಿಲ್ಲದೆ ಕುಸಿದು ಕುಳಿತಿತು. ನಾನು ಫೋನ್ ಕೆಳಗಿಟ್ಟೆ.

"ಎರಡರಲ್ಲಿ ಯಾವುದು ಖರೆ ಸರ್?"

"ಮೊದಲಿನದೇ ಸುಳ್ಳೋ ಅಂತ ನನಗೆ ಹೆದರಿಕೆ."

ಮೊದಲ ಕಂಬದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ತೆಗೆದೆವು. ಚೀಲದೊಳಗೆ ಪೂರ್ತಿ ನೀರು ತುಂಬಿದ್ದರೆ, ಹೊರಗಿನ ಒತ್ತಡ ಏರಿಸಿದಷ್ಟೇ ಒಳಗಿನ ನೀರಿನ ಒತ್ತಡವೂ ಏರಬೇಕು. ಏರಿರಲಿಲ್ಲ. ಮರಳಿನ ನಡುವೆ ಗಾಳಿ ಉಳಿದಿತ್ತು. ಆ ಗುಳ್ಳೆಗಳೇ ಮೆತ್ತೆಯ ಹಾಗೆ ಒತ್ತಡ ನುಂಗಿ, ಸಡಿಲ ಮರಳನ್ನು ಗಟ್ಟಿಯೆಂದು ತೋರಿಸಿದ್ದವು.

ಮುಂದೆ ಪ್ರತಿ ಕಂಬದಲ್ಲೂ ಮೊದಲು ನೀರಿನಲ್ಲಿ ಸುಲಭವಾಗಿ ಕರಗುವ ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಾಳಿ ಓಡಿಸಿದೆವು. ಆಮೇಲೆ ಗಾಳಿ ತೆಗೆದ ನೀರನ್ನು ತಳದಿಂದ ನಿಧಾನ ಏರಿಸಿ, ಎರಡೂ ಒತ್ತಡ ಸಮವಾಗಿ ಏರುವ ತನಕ ಕಾದೆವು. ಒಂದಾದ ಮೇಲೊಂದು ಎಲ್ಲವೂ ಕುಸಿದವು.

ವರದಿ ಹೋದ ಮೇಲೆ ಅಕ್ಕ ಫೋನ್ ಮಾಡಿದಳು. "ಶಾಲೆ ಅಡಿಪಾಯ ಬೇರೆ ನಮೂನೆ ಮಾಡ್ತಾರಂತೆ. ಎಂತಕ್ಕೆ?"

ಹೇಳಿದೆ.

"ಹಂಗಾರೆ ನಮ್ಮನೆ?"

ಶಾಲೆಯ ಜಾಗದಿಂದ ಕೂಗಿದರೆ ಕೇಳುವಷ್ಟು ಹತ್ತಿರ ಅವಳ ಮನೆ. ಹೋಗಿ ಇಂಜಿನಿಯರರಿಗೆ ಅದನ್ನು ಹೇಳಿದೆ.

ಅವರು ತಾವಾಗಿಯೇ ಬಂದು ಅಕ್ಕನ ಅಂಗಳದಲ್ಲಿ ಬೋರ್ ಹೊಡೆಸಿ ಆಳದ ಮಣ್ಣು ತೆಗೆಸಿದರು. ಅಲ್ಲಿಯ ಮಣ್ಣನ್ನು ಯಂತ್ರಕ್ಕೆ ಏರಿಸುವಾಗ ಅವಸರದಲ್ಲಿ ನನ್ನ ಉಗುರು ತಾಗಿ ರಬ್ಬರಿನ ಚೀಲ ಹರಿಯಿತು. ಅವರು ಇನ್ನೊಂದು ಚೀಲ ಕೊಟ್ಟರು.

ಕಂಬ ನಿಂತಿತು. ಮೊದಲು ನನ್ನನ್ನು ಹೆದರಿಸಿದ್ದು ಕುಸಿದ ಕಂಬ. ಈಗ ನಿಂತ ಕಂಬವೇ ಹೆದರಿಸಿತು. ಗಾಳಿ ಉಳಿದಿದ್ದರೆ? ಒತ್ತಡ ಮತ್ತೆ ಮತ್ತೆ ನೋಡಿದೆ, ಎರಡೂ ಸಮವಾಗಿಯೇ ಏರುತ್ತಿದ್ದವು. ಬೇರೆ ಆಳದ ಮಣ್ಣನ್ನೂ ಹಾಕಿದೆ. ಅದೂ ನಿಂತಿತು. ಮನೆಯಡಿಯ ಮರಳಿನಲ್ಲಿ ಹಳೆಯ ಅಂಟುಮಣ್ಣು ಬೆರೆತು ಮರಳಿನ ಕಣಗಳನ್ನು ಹಿಡಿದುಕೊಂಡಿತ್ತು.

"ಎಂತ ಆತು?" ಅಕ್ಕ ಫೋನಿನಲ್ಲಿ ಕೇಳಿದಳು.

"ನಿಮ್ಮನೆ ಗಟ್ಟಿ ಇದೆ ಅಕ್ಕ."

"ಆತು ಹಂಗಾರೆ. ಒಲೆ ಮೇಲೆ ಸಾರಿದೆ," ಎಂದು ಅವಳು ಫೋನ್ ಇಟ್ಟಳು. ನಾನು ಫೋನ್ ಹಿಡಿದುಕೊಂಡೇ ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.