ಹೊಟ್ಟೆ ತುಂಬಿದ ಇಲಿಗಳು

ಕಲಬುರಗಿಯ ಕಾಲೇಜೊಂದರಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದ ತುಂಗಾಬಾಯಿ ಅಫಜಲಪುರಕರ್ ಅವರಿಗೆ ಹುಡುಗರು ಬೆನ್ನ ಹಿಂದೆ ‘ಇಲಿ ಬಾಯಾರು’, ಅಂದರೆ ಇಲಿ ಮೇಡಂ, ಎನ್ನುತ್ತಿದ್ದರು. ವಿಭಾಗದ ಹಿಂಬದಿಯ ಕೋಣೆಯಲ್ಲಿ ಅವರು ನಲವತ್ತು ಬಿಳಿ ಇಲಿ ಸಾಕಿದ್ದರು. ಕಲಿತ ದಾರಿಯನ್ನು ನೆನಪಿಡುವುದು ಮಿದುಳಿನ ಯಾವ ಭಾಗ ಎಂಬುದು ಅವರ ಪ್ರಶ್ನೆ. ಇಲಿಗೆ ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಸಾಸಿವೆಯಷ್ಟು ತೂತು ಕೊರೆದು, ಮಿದುಳಿನ ಚೂರೊಂದನ್ನು ಕೆಲಸಗೆಡಿಸುವುದನ್ನು ಹೈದರಾಬಾದಿನಲ್ಲಿ ಕಲಿತು ಬಂದಿದ್ದರು. ಗಾಯ ಮಾದ ಮೇಲೆ ಇಲಿಯನ್ನು ಒಂದು ದಿನ ಉಪವಾಸ ಇಟ್ಟು, ಕಟ್ಟಿಗೆಯ ಸುತ್ತುದಾರಿಯಲ್ಲಿ ಬಿಡುವುದು. ದಾರಿಯ ಕೊನೆಗೆ ಕಾಳು. ಹಸಿದ ಇಲಿ ಅಲ್ಲಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು.

ಶಸ್ತ್ರಕ್ರಿಯೆಯಾದ ಇಲಿಗಳು ಉಳಿದವಕ್ಕಿಂತ ಎರಡು ಪಟ್ಟು ನಿಧಾನ ಎಂದು ಅವರು ಬರೆದ ಲೇಖನ 1986ರಲ್ಲಿ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಮರುವರ್ಷ ಅದೇ ಪ್ರಯೋಗವನ್ನು ಮುಂದುವರಿಸಿದವಳು ಎಂ.ಎ. ವಿದ್ಯಾರ್ಥಿನಿ ಫರೀದಾ. ಒಂದು ಬೆಳಿಗ್ಗೆ ಇಲಿಗಳನ್ನು ತೂಗುತ್ತಿದ್ದವಳು ಕೇಳಿದಳು: “ಮೇಡಂ, ನಿನ್ನಿಯಿಂದ ಉಪವಾಸ ಇದ್ದ ಇಲಿ ತೂಕ ಹೆಂಗ ಏರ್ತದ್ರೀ?”

ತೂಕ ಏರಿದ್ದು ಶಸ್ತ್ರಕ್ರಿಯೆಯಾದವುಗಳದು ಮಾತ್ರ. ತುಂಗಾಬಾಯಿ ಪಂಜರದ ಹುಲ್ಲು ಸರಿಸಿ ನೋಡಿದರು. ಜೋಳದ ರೊಟ್ಟಿಯ ಚೂರು.

“ನಬಿಸಾಬ್, ಇದು ಯಾರು ಹಾಕಿದ್ದು?”

ಪಂಜರ ತೊಳೆಯುವ ಜವಾನ ನಬಿಸಾಬ್ ಬಕೆಟ್ ಕೆಳಗಿಟ್ಟ. ಬಾಗಿಲು ದಾಟಿ ಹೊರಗೆ ನಡೆದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ನಾಲ್ಕನೆಯ ದಿನ ತುಂಗಾಬಾಯಿ ಬಸ್ಸು ಹತ್ತಿ ಆತನ ಊರು ಕಮಲಾಪುರಕ್ಕೆ ಹೋದರು. ಆತನ ಹೆಂಡತಿ ಇಮಾಮಬಿ ಅಂಗಳದಲ್ಲಿ ಕುರ್ಚಿ ಹಾಕಿ, ತಾಟಿನಲ್ಲಿ ಎರಡು ಕೆಂಪು ಬಾಳೆಹಣ್ಣು ತಂದಿಟ್ಟಳು.

“ತಲಿಗಿ ಹೊಲಿಗಿ ಹಾಕಿರ್ತಿದ್ರಿ, ಮ್ಯಾಲ ಉಪವಾಸ,” ಎಂದ ನಬಿಸಾಬ್. “ನೋಡ್ಲಿಕ್ಕಾಗ್ಲಿಲ್ರೀ ಬಾಯಾರ. ಸಂಜಿಗಿ ನನ್ನ ಬುತ್ತಿಯಾಗಿನ ರೊಟ್ಟಿ ಒಂದೀಟು ಹಾಕ್ತಿದ್ದೆ.”

“ಎಷ್ಟು ದಿವಸದಿಂದ?”

“ಮೊದಲಿಂದನೂ.”

ಅಂದರೆ ಅಚ್ಚಾದ ಲೇಖನವೂ ಹೋಯಿತು. ಆ ಇಲಿಗಳು ದಾರಿ ಮರೆತಿದ್ದವೋ, ಹೊಟ್ಟೆ ತುಂಬಿ ಅವಸರವಿಲ್ಲದೆ ನಡೆದಿದ್ದವೋ, ಇನ್ನು ಹೇಳುವಂತಿರಲಿಲ್ಲ. ತುಂಗಾಬಾಯಿಗೆ ಸಿಟ್ಟು ನೆತ್ತಿಗೇರಿತು.

“ಒಂದು ಮಾತು ಹೇಳಬಾರದಾಗಿತ್ತಾ ನನಗ?”

“ಇಲಿ ಯಾಕ ಉಪವಾಸ ಅಂತ ನನಗೂ ಯಾರೂ ಹೇಳಿಲ್ರೀ.”

ಅದು ನಿಜವೇ. ಆರು ವರ್ಷ ಅದೇ ಕೋಣೆಯಲ್ಲಿ ಇಬ್ಬರೂ ಕೆಲಸ ಮಾಡಿದ್ದರು. ಪಂಜರ ತೊಳೆದಾಯಿತೇ ಎಂಬುದರಾಚೆ ಅವರು ಆತನೊಡನೆ ಮಾತಾಡಿದ್ದಿಲ್ಲ. ಕುರ್ಚಿಯಿಂದಿಳಿದು ಕೂತು, ನೆಲದ ಮಣ್ಣಿನಲ್ಲಿ ಬೆರಳಿನಿಂದ ಸುತ್ತುದಾರಿ ಬರೆದು, ಮಿದುಳು, ಹಸಿವೆ, ಗಡಿಯಾರ ಎಲ್ಲವನ್ನೂ ಬಿಡಿಸಿ ಹೇಳಿದರು. ನಬಿಸಾಬ್ ಬಗ್ಗಿ ನೋಡಿದ.

“ಹಂಗಾದ್ರ ಎರಡೂ ನಮೂನಿ ಇಲಿಗಿ ಅಷ್ಟಷ್ಟೇ ಹಾಕಿದ್ರ ನಡೀತದೇನ್ರೀ?”

“ನಡೀತದ. ತೂಕ ನೋಡಿ ಹಾಕಬೇಕು. ನಾಳೆಯಿಂದ ಬರ್ರಿ.”

ವಿಭಾಗದ ಮುಖ್ಯಸ್ಥ ನೀಲಕಂಠ ಅವರಿಗೆ ಅಚ್ಚಾದ ಲೇಖನ ತಪ್ಪೆಂದು ಪತ್ರಿಕೆಗೆ ತಿಳಿಸುವುದು ಹಿಡಿಸಲಿಲ್ಲ. “ಯಾರಿಗಿ ಗೊತ್ತಾಗ್ತದ, ಬಿಡ್ರಿ. ಪ್ರೊಫೆಸರ್ ಹುದ್ದೆಗಿ ಅರ್ಜಿ ಹಾಕೀರಿ.”

“ನನಗ ಗೊತ್ತಾಗ್ಯಾದಲ್ರೀ,” ಎಂದು ತುಂಗಾಬಾಯಿ ಲೇಖನ ಹಿಂತೆಗೆದುಕೊಳ್ಳುವ ಪತ್ರವನ್ನು ಅಂಚೆಗೆ ಹಾಕಿದರು. ಹುದ್ದೆ ಬೇರೆಯವರ ಪಾಲಾಯಿತು. ಆ ವಾರವೆಲ್ಲ ಅವರಿಗೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ.

ಪ್ರಯೋಗವನ್ನು ಮೊದಲಿನಿಂದ ಮಾಡಲು ಎರಡು ವರ್ಷ ಹಿಡಿಯಿತು. ಪೂರ್ತಿ ಉಪವಾಸ ಬಿಟ್ಟು, ಎಲ್ಲ ಇಲಿಗಳಿಗೂ ತೂಕಕ್ಕೆ ತಕ್ಕಂತೆ ಕಡಿಮೆ ಆಹಾರ. ಅದನ್ನು ಅಳೆದು ಹಾಕುವವನು ನಬಿಸಾಬ್. ಶಸ್ತ್ರಕ್ರಿಯೆಯಾದ ಇಲಿಗಳು ಈಗಲೂ ಹಿಂದೆ ಬಿದ್ದವು, ಆದರೆ ಸ್ವಲ್ಪವೇ. ಆ ಸಣ್ಣ ವ್ಯತ್ಯಾಸವೇ 1990ರಲ್ಲಿ ಅಚ್ಚಾಯಿತು. ಕೊನೆಯಲ್ಲಿ ಕೃತಜ್ಞತೆ ಹೇಳಿದ ಸಾಲಿನಲ್ಲಿ ನಬಿಸಾಬನ ಹೆಸರಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಫರೀದಾ ಉರ್ದುವಿನಲ್ಲಿ ಬಿಡಿಸಿ ಹೇಳಿದಳು.

“ರೊಟ್ಟಿ ಸುದ್ದಿನೂ ಬರದಾರೇನವ್ವಾ?”

“ಬರದಾರ ಚಾಚಾ. ಅಲ್ಲಿ ನಿಮ್ಮ ಹೆಸರು ಹಾಕಿಲ್ಲ.”

ನಬಿಸಾಬ್ ಪತ್ರಿಕೆ ಇಸಿದುಕೊಂಡು, ಓದಲು ಬಾರದಿದ್ದರೂ ಆ ಪುಟವನ್ನು ಬಹಳ ಹೊತ್ತು ನೋಡಿದ. ಮೂರು ವರ್ಷ ತಡವಾಗಿ ಪ್ರೊಫೆಸರ್ ಆದ ತುಂಗಾಬಾಯಿ 2003ರಲ್ಲಿ ನಿವೃತ್ತರಾಗುವವರೆಗೂ, ಹೊಸ ಜವಾನ ಬಂದರೆ ಮೊದಲ ದಿನ ಪೊರಕೆ ಕೊಡುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಒಂದು ಪಾಠ ಮಾಡುತ್ತಿದ್ದರು.