ಕಂಬದ ಮೇಲಿನ ಎಣ್ಣೆ ಕಲೆ

ಇವತ್ತು ಬಳ್ಳಾರಿಯಲ್ಲಿ ನಾನು ಓದಿದ ಸರ್ಕಾರಿ ಸಾಲಿಯನ್ನು ಕೆಡವುತ್ತಿದ್ದರು. ಹಳೇ ಗಾರೆಯ ವಾಸನೆಗೆ ಕಾಲುಗಳು ನಿಂತುಬಿಟ್ಟವು.

ಮದ್ರಾಸ್ ಸರ್ಕಾರದ ಕಾಲದ ಕಟ್ಟಡ. ಆಳೆತ್ತರದ ಕಿಟಕಿ, ಕಡಪ ಕಲ್ಲಿನ ನೆಲ, ಪಡಸಾಲೆ ತುಂಬ ಕಲ್ಲುಕಂಬ. ಮೊದಲನೇ ಕಂಬದ ಹತ್ತಿರ ಹೆಡ್ಮಾಸ್ತರರು ಹೊಸ ಮಕ್ಕಳನ್ನು ನಿಲ್ಲಿಸುತ್ತಿದ್ದರು. ಕೈ ತಲೆ ಮೇಲಿಂದ ಹೋಗಿ ಆಚೆ ಕಿವಿ ಮುಟ್ಟಿದರೆ ಒಂದನೇ ಕ್ಲಾಸು.

ತಂಗಿ ಗೌರಿಯ ಬೆರಳು ಮುಟ್ಟಲಿಲ್ಲ. "ಮುಂದಿನ ವರ್ಷ ಬಾರವ್ವಾ" ಅಂದರು. ಆದರೂ ದಿನಾ ನನ್ನ ಹಿಂದೆಯೇ ಬಂದು, ಅವ್ವ ಎಣ್ಣೆ ಹಚ್ಚಿದ ತಲೆಯನ್ನು ಆ ಕಂಬಕ್ಕೆ ಒರಗಿಸಿ ಸಾಲಿ ಬಿಡೋವರೆಗೂ ಕೂತಿರುತ್ತಿದ್ದಳು. ಸುಣ್ಣದ ಮೇಲೆ ಕಪ್ಪು ಕಲೆ ಬಿತ್ತು.

ಜ್ವರ ಬಂದು ಮಲಗಿದಾಗ ಒಂದಿನ ಕೂಗಿದಳು: "ಅಕ್ಕಾ, ಕಿವಿ ಮುಟ್ತು ನೋಡು!" ಓಡಿಹೋಗಿ ಹೇಳಿದೆ. "ಸೋಮವಾರ ಕರಕೊಂಡು ಬಾ" ಅಂದರು ಹೆಡ್ಮಾಸ್ತರರು. ಭಾನುವಾರ ಗೌರಿ ತೀರಿಕೊಂಡಳು.

ಪ್ರತಿ ವರ್ಷ ಸುಣ್ಣ ಬಳಿದರೂ ಆ ಕಲೆ ಮತ್ತೆ ಏಳುತ್ತಿತ್ತು. ಅವ್ವ ಸಂತೆಗೆ ಹೋಗುವಾಗ ಒಳಗೆ ಬಂದು ಅದನ್ನು ಸವರಿ ಹೋಗುತ್ತಿದ್ದಳು.

ಇವತ್ತು ಆ ಕಂಬವನ್ನು ಟ್ರ್ಯಾಕ್ಟರಿಗೆ ಏರಿಸಿದರು. "ಏನ್ ಬೇಕಿತ್ರಿ ಅಮ್ಮಾ?" ಅಂದ ಡ್ರೈವರ್.

"ಏನಿಲ್ಲಪ್ಪಾ. ನಮ್ಮ ಗೌರಿ ಇಲ್ಲೇ ಕುಂದರತಿದ್ಲು."