ಸಿಟ್ಟು ಯಾರದು?

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂಧುಬಳಗದವರೆಲ್ಲ ಸೇರಿ ಅದರ ಅವಯವಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಸಡಗರವನ್ನು ನೀವೂ ಕಂಡಿರುತ್ತೀರಿ. ಮೂಗು ಅಜ್ಜನದು, ಕಿವಿ ಸೋದರಮಾವನದು, ಹಣೆ ಅತ್ತೆಯದು ಎಂದು ಪಾಲು-ವಾಟ್ನಿ ಮುಗಿಯುವಷ್ಟರಲ್ಲಿ ಆ ಕೂಸಿಗೆ ಸ್ವಂತದ್ದೆಂದು ಉಳಿಯುವುದು ಅಳುವೊಂದೇ. ನನ್ನ ಮೂಗಿನ ವಿಷಯದಲ್ಲಂತೂ ಎರಡು ಮನೆತನಗಳ ನಡುವೆ ವ್ಯಾಜ್ಯವೇ ನಡೆದಿತ್ತಂತೆ. ಅದು ತಮ್ಮ ಕಡೆಯದಲ್ಲವೆಂದು ಇಬ್ಬರೂ ಪಟ್ಟು ಹಿಡಿದಿದ್ದರಂತೆ. ಪರರ ಮೂಗಿನಲ್ಲಿ ಹೀಗೆ ಮೂಗು ತೂರಿಸುವುದನ್ನು ನಿರುಪದ್ರವಿ ವಿನೋದವೆಂದೇ ನಾನು ತಿಳಿದಿದ್ದೆ. ಗಿರಿಜಾ ನಮ್ಮ ಮನೆಗೆ ಬಂದ ಮೇಲೆ ಆ ವಿನೋದ ನನ್ನ ಪಾಲಿಗೆ ಮುಗಿಯಿತು.

ಗಿರಿಜಾ ನನ್ನ ಹೆಂಡತಿ ಶಾಂತಾಳ ತಂಗಿಯ ಮಗಳು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತಂದೆ ಮಲ್ಲಪ್ಪ ಬೇವೂರಿನ ಕಡೆಯ ರೈತ. ತೊಂಬತ್ತರ ದಶಕದ ಕೊನೆಗೆ, ಹೊಲದ ಬದುವಿನ ಸಲುವಾಗಿ ಎದ್ದ ಜಗಳದಲ್ಲಿ ಆತ ಪಕ್ಕದ ಹೊಲದವನನ್ನು ಕೊಡಲಿಯಿಂದ ಹೊಡೆದ. ಹೊಡೆಸಿಕೊಂಡವನು ಉಳಿಯಲಿಲ್ಲ; ಹೊಡೆದವನು ಹತ್ತು ವರ್ಷ ಶಿಕ್ಷೆಯಾಗಿ ಜೈಲಿಗೆ ಹೋದ. ಎಂಟು ವರ್ಷದ ಹುಡುಗಿ ಇಲಕಲ್ಲಿನ ನಮ್ಮ ಮನೆ ಸೇರಿದಳು. ನಮಗೆ ಮಕ್ಕಳಿರಲಿಲ್ಲ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಹಲ್ಲಿ ಮೈಮೇಲೆ ಬಿದ್ದರೆ ಓಣಿಗೆಲ್ಲ ಕೇಳುವಂತೆ ಚೀರುವ ಧೀರ. ಶಾಂತಾ ಹೆಸರಿಗೆ ಮಾತ್ರ ಶಾಂತಾ. ಧೈರ್ಯದ ವಿಷಯದಲ್ಲಿ ನಮ್ಮ ಮನೆಯ ಯಜಮಾನಿಕೆ ಆಕೆಯದೇ.

ನೋಡಲು ಬಂದವರೆಲ್ಲ ಹುಡುಗಿಯ ಗದ್ದ ಹಿಡಿದೆತ್ತಿ, "ಮೂಗು ತಾಯೀದು ಬಿಡ್ರಿ. ಆದ್ರ ಕಣ್ಣು ನೋಡ್ರಿ, ಥೇಟ್ ಮಲ್ಲಪ್ಪಂದು!" ಎಂದು ಹೇಳಿ ಚಹಾ ಕುಡಿದು ಹೋದರು. ಆಮೇಲಿನ ವರ್ಷಗಳಲ್ಲಿ ಈ ಹಂಚಿಕೆ ಕಣ್ಣಿನಿಂದ ಕೈಗೆ, ಕೈಯಿಂದ ಸಿಟ್ಟಿಗೆ ಬಂದು ನಿಂತಿತು. ಗಿರಿಜಾ ಮಾತು ಕಡಿಮೆ ಆಡುತ್ತಿದ್ದಳು. ಆದರೆ ಯಾರಾದರೂ ಕೆಣಕಿದರೆ ಆ ಮೌನ ಒಮ್ಮೆಲೇ ಒಡೆಯುತ್ತಿತ್ತು. ಓಣಿಯ ಹುಡುಗನೊಬ್ಬನ ಕೈ ಕಚ್ಚಿ ರಕ್ತ ಬರಿಸಿದಳು. ಗೆಳತಿಯೊಬ್ಬಳ ಪಾಟೀಚೀಲವನ್ನು ಬಚ್ಚಲ ಒಲೆಗೆ ಹಾಕಿದಳು. ಹಾದಿಯಲ್ಲಿ ಹೊರಟ ಬಸ್ಸಿನ ಗಾಜಿಗೆ ಕಲ್ಲು ತೂರಿದಳು. ಪ್ರತಿ ಸಲವೂ, "ರಕ್ತ ಎಲ್ಲಿ ಹೋಗ್ತೈತ್ರಿ ಮಾಸ್ತರ?" ಎಂದು ಓಣಿ ಕೇಳುತ್ತಿತ್ತು. ಆಕೆ ಪಕ್ಕದಲ್ಲೇ ನಿಂತಿದ್ದರೂ ಕೇಳುತ್ತಿತ್ತು.

ನನ್ನನ್ನು ಹೆದರಿಸಿದ್ದು ಆಕೆ ಮಾಡಿದ ಕೃತ್ಯಗಳಿಗಿಂತ ಅವುಗಳ ಅನಂತರದ ನಿಶ್ಚಲತೆ. ಆಕೆ ಅಳುತ್ತಿರಲಿಲ್ಲ, ತಪ್ಪಾಯಿತು ಎನ್ನುತ್ತಿರಲಿಲ್ಲ, ತನ್ನ ಕೈಗಳನ್ನೇ ನೋಡುತ್ತ ಕೂಡುತ್ತಿದ್ದಳು. ಓದಿದವನೆಂಬ ಜಂಬಕ್ಕೆ ಬಿದ್ದು ನಾನು ವಾಚನಾಲಯಕ್ಕೆ ಹೋಗಿ ಅನುವಂಶೀಯತೆಯ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆ. ಅರ್ಧ ತಿಳಿಯಿತು, ಉಳಿದರ್ಧವನ್ನು ಭಯವೇ ತುಂಬಿಕೊಂಡಿತು. ತಂದೆಯ ರಕ್ತದಿಂದ ಮಗುವಿಗೆ ಮಧುಮೇಹ ಬರಬಹುದಾದರೆ ಕೊಡಲಿ ಏಕೆ ಬರಬಾರದು? ಊಟ ಬಡಿಸುವಾಗ ಆಕೆ ಸೌಟು ಎತ್ತಿದರೂ ನಾನು ತಾಟು ಬಿಟ್ಟು ಹಿಂದೆ ಸರಿಯತೊಡಗಿದೆ.

ಆಕೆ ಎಂಟನೆಯ ಇಯತ್ತೆಯಲ್ಲಿದ್ದಾಗ ದೊಡ್ಡ ಅನಾಹುತವೇ ನಡೆಯಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸುಮಂಗಲಾ ಎಂಬ ಸಹಪಾಠಿ, ಪಕ್ಕದಲ್ಲಿ ಕೂಡಲು ಬಂದ ಗಿರಿಜಾಳಿಗೆ, "ನೀ ದೂರ ಕುಂಡ್ರು. ನಿಮ್ಮಪ್ಪನಂಗ ನಮ್ಮನ್ನೂ ಕಡದೀ" ಎಂದಳಂತೆ. ಗಿರಿಜಾ ಸ್ಟೀಲಿನ ಡಬ್ಬಿಯಿಂದ ಆಕೆಯ ಮುಖಕ್ಕೆ ಹೊಡೆದಳು. ಒಂದೇ ಸಲವಲ್ಲ. ಇಬ್ಬರು ಶಿಕ್ಷಕಿಯರು ಎಳೆದು ಬಿಡಿಸುವವರೆಗೆ ಹೊಡೆದಳು. ನಾನು ದವಾಖಾನೆಗೆ ಓಡಿದಾಗ ಸುಮಂಗಲಾಳ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದರು. ಆಕೆಯ ತಾಯಿ ನನ್ನನ್ನು ಕಂಡು, "ಒಂದು ಬಟ್ಟಿನಷ್ಟು ಕೆಳಗ ಬಿದ್ದಿದ್ರ ನನ್ನ ಮಗಳ ಕಣ್ಣು ಹೋಗ್ತಿತ್ರೀ! ಅಂಥಾಕಿನ್ನ ಮನ್ಯಾಗ ಹೆಂಗ ಇಟ್ಕೊಂಡೀರಿ?" ಎಂದು ಅತ್ತಳು. ಅದೇ ಪ್ರಶ್ನೆಯನ್ನು ನಾನೂ ಬಾಯಿ ಬಿಡದೆ ಕೇಳಿಕೊಳ್ಳುತ್ತಿದ್ದೆ.

ಶಾಲೆಯವರು ಗಿರಿಜಾಳನ್ನು ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿದರು. ಆ ವಾರವೇ ನಾನು ಬಚ್ಚಲ ಒಲೆಗೆ ಕಟ್ಟಿಗೆ ಒಡೆಯುವ ಸಣ್ಣ ಕೊಡಲಿಯನ್ನು ಗೋಣಿಚೀಲದಲ್ಲಿ ಸುತ್ತಿ, ಅಟ್ಟದ ಮೇಲಿನ ಟ್ರಂಕಿನ ಹಿಂದೆ ಬಚ್ಚಿಟ್ಟೆ. ಜೇಡರ ಬಲೆಯನ್ನು ತಲೆಗೆ ಕಿರೀಟದಂತೆ ಮುಡಿದು ಇಳಿದು ಬಂದ ನನ್ನನ್ನು ಕಂಡು ಶಾಂತಾ, "ಅಟ್ಟದ ಮ್ಯಾಲ ಏನ್ ಕಳ್ಕೊಂಡೀರಿ?" ಎಂದಳು. "ಹಳೇ ಪುಸ್ತಕ" ಎಂದೆ. ಕಟ್ಟಿಗೆ ಒಡೆದದ್ದನ್ನೇ ಕೊಂಡು ತರತೊಡಗಿದೆ.

ಕೆಲವು ದಿನಗಳ ನಂತರ, ಗಿರಿಜಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮನಸ್ಸು ತಡೆಯದೆ ಮತ್ತೆ ಅಟ್ಟ ಹತ್ತಿ ನೋಡಿದೆ. ಗೋಣಿಚೀಲವಿತ್ತು, ಒಳಗೆ ಕೊಡಲಿ ಇರಲಿಲ್ಲ.

ಓದುಗ ಮಿತ್ರರೇ, ಭಯ ಎಂದರೆ ಏನೆಂದು ಅದುವರೆಗೆ ತರಗತಿಯಲ್ಲಿ ಭಯಾನಕ ರಸದ ಲಕ್ಷಣ ಹೇಳಿ ಬಲ್ಲವನಾಗಿದ್ದೆ. ಅಂದು ಬರಿದಾದ ಗೋಣಿಚೀಲವೇ ನನಗೆ ಪಾಠ ಹೇಳಿತು. ಅದನ್ನು ಎರಡೆರಡು ಸಲ ಕೊಡವಿ ನೋಡಿದೆ. ಆಕೆ ಅದನ್ನು ಹುಡುಕಿ ತೆಗೆದಿದ್ದಾಳೆ. ಎಲ್ಲಿಟ್ಟಿದ್ದಾಳೆ? ಯಾರಿಗಾಗಿ? ಹಾಸಿಗೆಯ ಕೆಳಗೆ, ಅಕ್ಕಿಯ ಡಬ್ಬದಲ್ಲಿ, ಬಣವಿಯಂತೆ ಪೇರಿಸಿದ ಕೌದಿಗಳ ನಡುವೆ ತಡಕಾಡಿದೆ. ಕೊನೆಗೆ ಶಾಂತಾಳನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ. ಆದರೆ ನನ್ನಂತೆ ಡಬ್ಬಗಳಲ್ಲಿ ಹುಡುಕುವುದು ಆಕೆಯ ಜಾಯಮಾನವಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಕೇಳಿದಳು.

"ಗಿರಿಜಾ, ಕೊಡಲಿ ಎಲ್ಲೈತಿ?"

ಹುಡುಗಿ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಿಂಡುತ್ತಲೇ ನಿಂತಳು. ಅದರಲ್ಲಿ ನೀರು ಉಳಿದಿರಲಿಲ್ಲ, ಆದರೂ ಹಿಂಡುತ್ತಿದ್ದಳು.

"ಗಂಗವ್ವಾಯಿ ಮನ್ಯಾಗ ಐತಿ."

ಗಂಗವ್ವಾಯಿ ಎಂದರೆ ಪಕ್ಕದ ಮನೆಯಲ್ಲಿ ನೇಕಾರರಿಗೆ ನೂಲು ಸುತ್ತಿಕೊಡುವ ಮುದುಕಿ.

"ಅಲ್ಲಿ ಯಾಕ ಇಟ್ಟಿ?"

"ದೊಡ್ಡಪ್ಪ ಅಟ್ಟದ ಮ್ಯಾಲ ಇಡೂದು ನೋಡಿದ್ದೆ. ನಾನs ತಗದು ಕೊಟ್ಟು ಬಂದೇನಿ. ನಾ ಕೇಳಿದ್ರೂ ವಾಪಸ್ ಕೊಡಬ್ಯಾಡ ಅಂತ ಹೇಳೇನಿ." ಆಕೆ ಸೀರೆಯನ್ನು ಹಗ್ಗಕ್ಕೆ ಹಾಕಿದಳು. "ಸಿಟ್ಟು ಬಂತಂದ್ರ ನನ್ನ ಕೈ ನನ್ನ ಮಾತು ಕೇಳೂದಿಲ್ಲ ದೊಡ್ಡವ್ವ. ಸುಮಂಗಲಾನ ಹೊಡಿಯಾಗ ಸಾಕು, ಸಾಕು ಅಂತ ಒಳಗ ಅನ್ಕೋತನs ಇದ್ದೆ. ಕೈ ನಿಲ್ಲಲಿಲ್ಲ. ನಾಳೆ ನೀ ಬೈದಿ ಅಂದ್ರ? ದೊಡ್ಡಪ್ಪ ಬೈದ್ರ? ಅಪ್ಪ ಹೊಡಿಯಾಗ ನಾ ಬದುವಿನ ಮ್ಯಾಲs ನಿಂತಿದ್ದೆ. ಅಂವಂದೂ ಕೈ ನಿಲ್ಲಲಿಲ್ಲ."

ಆಕೆ ಅದನ್ನು ಕಣ್ಣಾರೆ ಕಂಡಿದ್ದಳೆಂಬುದು ನಮಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಬಂದವರೆಲ್ಲ ಆಕೆಯ ಕಣ್ಣು ಯಾರದೆಂದು ಹೇಳಿ ಹೋಗಿದ್ದರೇ ಹೊರತು, ಆ ಕಣ್ಣು ಏನನ್ನು ನೋಡಿದೆಯೆಂದು ವಿಚಾರಿಸಿರಲಿಲ್ಲ. ಶಾಂತಾ ಆಕೆಯನ್ನು ಎಳೆದು ತಬ್ಬಿಕೊಂಡಳು. ಆ ಮನೆಯಲ್ಲಿ ಗಿರಿಜಾಳ ಬಗ್ಗೆ ಅತ್ಯಂತ ಹೆದರಿದವನು ನಾನೆಂದು ತಿಳಿದಿದ್ದೆ. ನನಗಿಂತ ಹೆಚ್ಚಾಗಿ, ಓಡಿಹೋಗಲು ಜಾಗವಿಲ್ಲದೆ, ಹೆದರಿದ್ದವಳು ಗಿರಿಜಾಳೇ.

ಬಾಗಲಕೋಟೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರರೊಬ್ಬರಲ್ಲಿಗೆ ಆಕೆಯನ್ನು ಕರೆದೊಯ್ದೆವು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಅಂಜಿ ಗಂಟುಮೂಟೆ ಕಟ್ಟಿ ನವನಗರಕ್ಕೆ ನಡೆಯುತ್ತಿದ್ದ ಕಾಲ ಅದು. ಅವರ ದವಾಖಾನೆಯೂ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅವರು ಗಿರಿಜಾಳೊಡನೆ ಬಹಳ ಹೊತ್ತು ಮಾತಾಡಿ, ಆಮೇಲೆ ನನ್ನನ್ನು ಒಳಗೆ ಕರೆದರು. ನಾನು ಓದಿದವನಂತೆ ನನ್ನ ಪ್ರಶ್ನೆಯನ್ನು ಮಂಡಿಸಿದೆ: ಇದು ರಕ್ತದ್ದೋ, ಸಹವಾಸದ್ದೋ?

"ಎರಡೂ ಇರಬಹುದ್ರಿ ಮಾಸ್ತರ," ಎಂದರು. "ಲಗೂನ ಸಿಟ್ಟು ಬರೋ ಸ್ವಭಾವ ಹುಟ್ಟಿನಿಂದ ಬಂದಿರಬಹುದು. ಸಣ್ಣಾಕಿದ್ದಾಗ ಅಂಥಾದ್ದು ನೋಡ್ಯಾಳ, ನಿದ್ದಿ ಇಲ್ಲ, ಅದೂ ಸೇರೇತಿ. ದಿನಾ ಓಣಿ ಮಂದಿ ನೀ ಕೊಲೆಗಾರನ ಮಗಳು ಅಂತ ನೆನಪು ಮಾಡ್ತಾರ, ಅದೂ ಸೇರೇತಿ. ಯಾವುದು ಎಷ್ಟು ಅಂತ ತೂಗಿ ಕೊಡಾಕ ನನ್ನ ಹತ್ರ ತಕ್ಕಡಿ ಇಲ್ಲ. ಆದ್ರ ಒಂದು ಹೇಳ್ತೇನಿ. ಕೊಡಲಿ ಮನಿಯಿಂದ ಹೊರಗ ಹಾಕಿದ ಹುಡುಗಿ ಆಕಿ. ಅಲ್ಲಿಂದ ಸುರು ಮಾಡೋಣು."

ಕೆಲಕಾಲ ನಿದ್ದೆಗೆ ಗುಳಿಗೆ ಕೊಟ್ಟರು. ಸಿಟ್ಟು ಏರುವ ಮೊದಲ ಕುರುಹನ್ನು ಗುರುತಿಸಿ ತಕ್ಷಣ ಅಲ್ಲಿಂದ ಎದ್ದು ಹೋಗುವುದನ್ನು ಕಲಿಸಿದರು. ಆಕೆಯ ಎದುರು ರಕ್ತದ ಮಾತೆತ್ತಿದವರಿಗೆ ಇನ್ನು ಮೇಲೆ ಚಹಾ ಇಲ್ಲವೆಂದು ಶಾಂತಾ ಓಣಿಯಲ್ಲಿ ಸಾರಿಬಿಟ್ಟಳು. ಗಿರಿಜಾ ತಾನೇ ಕೇಳಿಕೊಂಡು ನನ್ನ ಜೊತೆ ಸುಮಂಗಲಾಳ ಮನೆಗೆ ಬಂದಳು. ಆ ತಾಯಿ ಒಳಗೆ ಕರೆಯಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಗಿರಿಜಾ, "ತಪ್ಪಾತು" ಎಂದಳು. ಸುಮಂಗಲಾ ತಾಯಿಯ ಬೆನ್ನ ಹಿಂದಿನಿಂದ ತಲೆಯಾಡಿಸಿದಳು. ಕ್ಷಮೆ ಎಂದು ಅದನ್ನು ಕರೆಯಲಾರೆ. ಆದರೆ ಬಾಗಿಲನ್ನು ಯಾರೂ ಮುಚ್ಚಲಿಲ್ಲ.

ಮುಂದೆ ಬೇರೆ ಶಾಲೆ ಸೇರಿಸಿದೆವು. ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾದೀತು. ಒಂದು ಸಲ ಕನ್ನಡಿ ಒಡೆದಳು. ಇನ್ನೊಂದು ಸಲ ಊಟದ ತಾಟು ಅಂಗಳಕ್ಕೆ ಹಾರಿತು. ಆದರೆ ಎಷ್ಟೋ ಸಲ ಮುಖ ಕೆಂಪಗೆ ಮಾಡಿಕೊಂಡು ಚಪ್ಪಲಿ ಮೆಟ್ಟಿ ಸರಸರ ಹೊರಟು, ಓಣಿಯನ್ನೆಲ್ಲ ಸುತ್ತಿ, ಬೆವೆತು ಮರಳಿದಳು. ನಾನು ಕಿಟಕಿಯಲ್ಲಿ ನಿಂತು ಕಾಯುತ್ತಿದ್ದೆ. ಓಣಿಯವರು ಅದನ್ನು ವಾಯುವಿಹಾರವೆಂದು ತಿಳಿದು ಮೆಚ್ಚಿಕೊಂಡರು.

ಆಕೆ ಪಿಯುಸಿ ಓದುತ್ತಿದ್ದ ವರ್ಷ ಮಲ್ಲಪ್ಪ ಶಿಕ್ಷೆ ಮುಗಿಸಿ ಬಂದ. ಕೆರೂರಿನಲ್ಲಿ ಅಂಗಡಿಯೊಂದರಲ್ಲಿ ಹಮಾಲಿ ಕೆಲಸ ಹಿಡಿದಿದ್ದನಂತೆ. ಒಂದು ಮುಂಜಾನೆ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ಒಳಗೆ ಕರೆದರೂ ಬರಲಿಲ್ಲ. ಗಿರಿಜಾ ಹೊರಗೆ ಹೋಗಿ ಸ್ವಲ್ಪ ದೂರದಲ್ಲಿ ಕೂತಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಆತ ಕೇಳಿದ: "ಸಿಟ್ಟು ಬರ್ತೈತೇನವ್ವ ನಿನಗ?"

"ಬರ್ತೈತಿ."

"ಬಂದ್ರ ಏನ್ ಮಾಡ್ತಿ?"

"ಎದ್ದು ಹೊರಗ ಹೋಗ್ತೇನಿ. ತಣ್ಣಗಾಗೂತನಕ ನಡೀತೇನಿ."

ಮಲ್ಲಪ್ಪ ತಲೆ ತಗ್ಗಿಸಿದ. "ಅವತ್ತು ನಾನೂ ಹೊರಗs ಇದ್ದೆ. ಹೊಲದಾಗ. ನಡಿಯಾಕ ಭಾಳ ಜಾಗಾ ಇತ್ತು," ಎಂದು ಅಳತೊಡಗಿದ.

ಗಿರಿಜಾ ಆತನ ಹತ್ತಿರ ಸರಿಯಲಿಲ್ಲ. ಎದ್ದು ಒಳಗೂ ಬರಲಿಲ್ಲ. ಅಳು ನಿಂತ ಮೇಲೆ, "ಬಸ್‌ಸ್ಟ್ಯಾಂಡಿನತನಕ ಬರ್ತೇನಿ, ಏಳು" ಎಂದಳು. ಇಬ್ಬರೂ ಹೊರಟರು. ನನ್ನ ಕಾಲುಗಳು ತಾವಾಗಿಯೇ ಹಿಂಬಾಲಿಸಲು ಅಂಗಳಕ್ಕಿಳಿದವು. ಶಾಂತಾ ತೋಳು ಹಿಡಿದಳು. "ಬಿಡ್ರಿ, ಹೋಗಿ ಬರ್ಲಿ."

ನಿಂತೆ. ಹೆದರಿಕೆ ಹೋಗಿತ್ತೆಂದಲ್ಲ, ಹೆದರುತ್ತಲೇ ನಿಂತೆ. ಆಕೆ ತಿರುವಿನಲ್ಲಿ ಮತ್ತೆ ಕಾಣಿಸಿಕೊಂಡಾಗ ನಡಿಗೆಯಲ್ಲಿ ಅವಸರವಿರಲಿಲ್ಲ. ಹತ್ತಿರ ಬಂದು ನನ್ನ ಮುಖ ನೋಡಿದಳು.

"ಅಂವಂಗ ಕಿಡಕಿ ಬಾಜೂಕ ಸೀಟು ಸಿಕ್ತು ದೊಡ್ಡಪ್ಪ," ಎಂದಳು. "ನೀ ಇನ್ನೂ ಬಿಸಲಾಗ ಯಾಕ ನಿಂತಿ? ಒಳಗ ನಡಿ."